ಹಗ್ಗ ಹಿಡಿದವನ ಊರು ಹಳಿಯಾಳ

ಬ್ನೇದ್ ಅಲ್ ಗಾರ್, ಕುವೈತ್
ಶುಕ್ರವಾರ, ಬೆಳಿಗ್ಗೆ

ಶರ್ಲಿನ್,

ನಿನ್ನ ಹೆಸರಿನ ಹಿಂದೆ ಒಂದು ಒಳ್ಳೆಯ ಪದ ಹಾಕಬೇಕೆಂದು ಮೂರು ದಿನದಿಂದ ಯೋಚಿಸಿದೆ. ಹೊಳೆದ ಯಾವ ಪದವನ್ನೂ ಬಳಸುವ ಹಕ್ಕು ನನಗಿಲ್ಲ ಅನ್ನಿಸಿತು. ಹಾಗಾಗಿ ಬರೀ ಹೆಸರು ಬರೆದಿದ್ದೇನೆ.

ನಾನು ಶರಣ್ಯಾ. ಮಂಗಳೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ನಿನ್ನ ಪಕ್ಕದ ಮಂಚದಲ್ಲಿ ಮಲಗಿದವಳು. ನೀನು ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಓಡಲು ಹೋಗುವಾಗ ಬೂಟಿನ ಸದ್ದಿಗೆ ಎಚ್ಚರಾಗಿ ಬೈಯುತ್ತಿದ್ದವಳು. ಹದಿನಾರು ವರ್ಷವಾಯಿತು. ನಿನಗೆ ನನ್ನ ನೆನಪಿದೆ ಎಂದು ಈಚೆಗೆ ತಿಳಿಯಿತು. ತಿಳಿದಂದಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಹೋದೆ ಎಂದು ಮರೆತು ವಾಪಸ್ ಬರುತ್ತೇನೆ. ಮಗಳು ಪಾವನಾಗೆ ಒಂಬತ್ತು ವರ್ಷ. ಸೋಫಾದಿಂದ ನೋಡಿ ನೋಡಿ ಕೊನೆಗೆ, "ಅಮ್ಮಾ, ವೈ ಆರ್ ಯು ವಾಕಿಂಗ್ ಲೈಕ್ ದಟ್?" ಅಂದಳು. ಒಬ್ಬರಿಗೆ ಪತ್ರ ಬರೆಯುತ್ತಿದ್ದೇನೆ ಅಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ.

ಹನ್ನೊಂದು ಗಂಟೆಗೆ ರಾನ್ಸನ್ ಬರುತ್ತಾನೆ. ಇಲ್ಲಿ ಶುಕ್ರವಾರ ರಜೆ, ಚರ್ಚಿನಲ್ಲಿ ದೊಡ್ಡ ಪೂಜೆಯೂ ಶುಕ್ರವಾರವೇ. ಪೂಜೆ ಮುಗಿಸಿ ನೇರ ಬಂದು ಈ ಪತ್ರ ತೆಗೆದುಕೊಂಡು ಹೋಗುತ್ತಾನೆ. ಸೋಮವಾರ ಅವನಿಗೆ ಗೋವಾಕ್ಕೆ ವಿಮಾನ, ಅಲ್ಲಿಂದ ಹಳಿಯಾಳ. ನಿಮ್ಮ ಊರಿನ, ನಿಮ್ಮ ಸಿದ್ದಿ ಜನರ ರಾನ್ಸನ್. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ನಾನು ಹೇಳುವುದಿಲ್ಲ, ನನಗೆ ನನ್ನ ಬುದ್ಧಿ ಗೊತ್ತು.

ಆ ಸಾಲು ಬರೆದದ್ದು ನಾನು.

ಎರಡನೇ ಬಿ.ಎ. ಕಾಲೇಜು ಹಬ್ಬ. "ಜಗತ್ತಿನ ಕುಣಿತಗಳು" ಎಂಬ ಕಾರ್ಯಕ್ರಮಕ್ಕೆ ನಾನು ಕಾರ್ಯದರ್ಶಿ. ಸಾಂಸ್ಕೃತಿಕ ಸಂಘದ ಮೇಡಂ ನನ್ನನ್ನು ಕರೆದು, ನಿನ್ನ ರೂಮಿನಲ್ಲೇ ಸಿದ್ದಿ ಹುಡುಗಿ ಇದ್ದಾಳಲ್ಲ, ಆಫ್ರಿಕಾದ ಕುಣಿತಕ್ಕೆ ಅವಳನ್ನೇ ಮುಂದೆ ನಿಲ್ಲಿಸು ಅಂದರು. ನಾನು ಬಂದು ಕೇಳಿದೆ. ನೀನು ಬಟ್ಟೆ ಮಡಚುತ್ತಾ ನಕ್ಕು, "ನಂಗ ಕುಣಿಯಾಕ ಬರೂದಿಲ್ಲ ಶರಣ್ಯಾ, ಓಡಾಕ ಬರ್ತೈತಿ" ಅಂದೆ. ಆಫ್ರಿಕಾ ಎಲ್ಲೈತಿ ಅಂತನೂ ನಾ ನೋಡಿಲ್ಲ ಅಂದೆ. ನಾನು ಅಷ್ಟಕ್ಕೆ ಬಿಡಬೇಕಿತ್ತು. ಆದರೆ ಅಷ್ಟರಲ್ಲಿ ನಿನ್ನ ಹೆಸರನ್ನು ನಾನು ಮುದ್ರಣಕ್ಕೆ ಕೊಟ್ಟಾಗಿತ್ತು. ಆಮಂತ್ರಣ ಪತ್ರಿಕೆ ಬಂದ ಮೇಲೆ ನಿನ್ನ ಮುಂದೆ ಅತ್ತೆ. ನನ್ನ ಮಾನದ ಪ್ರಶ್ನೆ, ಒಂದು ಸಲ, ನನಗೋಸ್ಕರ ಅಂದೆ. ನಾನು ಅತ್ತದ್ದಕ್ಕೆ ನೀನು ಒಪ್ಪಿದ್ದು.

ನಿರೂಪಣೆಯ ಸಾಲುಗಳನ್ನೂ ನಾನೇ ಬರೆದೆ. ಬರೆದು ಮೇಡಂಗೆ ಕೊಟ್ಟೆ. ಅವರು ನಿರೂಪಕ ಪೃಥ್ವಿಗೆ ಕೊಟ್ಟರು. "ಈಗ ಆಫ್ರಿಕಾದ ಕಾಡಿನಿಂದ ನೇರವಾಗಿ ನಮ್ಮ ವೇದಿಕೆಗೆ ನುಗ್ಗಿ ಬರುತ್ತಿದ್ದಾಳೆ ಶರ್ಲಿನ್!" ಅದು ನನ್ನ ಕೈಬರಹದಲ್ಲಿತ್ತು. ಬರೆಯುವಾಗ ಚೆನ್ನಾಗಿ ಬಂದಿದೆ ಅನ್ನಿಸಿತ್ತು. ಇದನ್ನೂ ನಿನಗೆ ಹೇಳಬೇಕು. ಆಗ ನನಗೆ ಅದರಲ್ಲಿ ತಪ್ಪೇ ಕಾಣಿಸಿರಲಿಲ್ಲ. ಹಿಂದಿನ ಬೆಂಚಿನವರು ಬಾಯಿಗೆ ಕೈ ಬಡಿದುಕೊಂಡು ಕೂಗಲು ಶುರುಮಾಡಿದಾಗ, ಎಲೆಯ ಲಂಗ ಉಟ್ಟು ದೀಪದ ಕೆಳಗೆ ನಿಂತಿದ್ದ ನಿನ್ನ ಮುಖ ನೋಡಿದಾಗ ಕಾಣಿಸಿತು. ನೀನು ಕುಣಿಯಲಿಲ್ಲ. ಹಾಡು ಮುಗಿಯುವ ತನಕ ಸುಮ್ಮನೆ ನಿಂತಿದ್ದೆ.

ಮರುದಿನ ಕ್ಯಾಂಟೀನ್ ಎದುರು ನೀನು ಪೃಥ್ವಿಯನ್ನು ನಿಲ್ಲಿಸಿ, ಅದನ್ನು ಬರೆದವರು ಯಾರು ಎಂದು ಕೇಳಿದೆ. ಅವನು ನಕ್ಕ. ನೀನು ಕೆನ್ನೆಗೆ ಹೊಡೆದೆ. ವಿಚಾರಣೆ ಆಯಿತು. "ಶರಣ್ಯಾನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತೈತಿ" ಅಂದೆಯಂತೆ. ನನ್ನನ್ನು ಕರೆಸಿದರು. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ಹಾಕಿತ್ತು. ಪ್ರಾಂಶುಪಾಲರು ಕೇಳಿದ್ದು ಎರಡೇ ಪ್ರಶ್ನೆ. ಈ ಹುಡುಗಿ ತಾನಾಗಿ ಕುಣಿಯಲು ಒಪ್ಪಿದ್ದಳಾ? ಹೌದು ಸರ್ ಅಂದೆ. ನಿರೂಪಣೆ ಬರೆದದ್ದು ಯಾರು? ಗೊತ್ತಿಲ್ಲ ಸರ್ ಅಂದೆ. ಮೇಡಂ ಪಕ್ಕದಲ್ಲೇ ಕೂತಿದ್ದರು. ಅವರು ನನ್ನನ್ನು ನೋಡಲಿಲ್ಲ, ನಾನು ಅವರನ್ನು ನೋಡಲಿಲ್ಲ.

ಕ್ಷಮೆ ಕೇಳಿದರೆ ಇರಬಹುದು, ಇಲ್ಲವಾದರೆ ಹಾಸ್ಟೆಲ್ ಬಿಡಬೇಕು ಅಂದರು. ನೀನು ಕೇಳಲಿಲ್ಲ. ಎಂಟುನೂರು ಮೀಟರ್ ಓಟಕ್ಕೆ ವಿಶ್ವವಿದ್ಯಾಲಯದ ಆಯ್ಕೆಗೆ ಇನ್ನು ಎರಡೇ ವಾರವಿತ್ತು. ಬಸ್ ನಿಲ್ದಾಣಕ್ಕೆ ನಿನ್ನ ಟ್ರಂಕು ಹೊತ್ತು ನಾನೂ ಬಂದೆ. ಹುಬ್ಬಳ್ಳಿ ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದು, "ನೀ ಒಬ್ಬಾಕೆರ ನನ್ನ ಕಡೆ ಇದ್ದಿ" ಅಂದೆ. ಬಸ್ಸಿನ ಸದ್ದು ಜೋರಾಗಿತ್ತು. ಕೇಳಿಸಲಿಲ್ಲವೆಂಬಂತೆ ನಾನು ಕೈ ಬೀಸಿದೆ. ಕೇಳಿಸಿತ್ತು ಶರ್ಲಿನ್.

ಈಗ ನೀರು ಕುಡಿದು ಬಂದೆ. ಗಂಟೆ ಒಂಬತ್ತಾಗಿದೆ.

ಆಮೇಲಿನದು ಸಾಮಾನ್ಯ ಕತೆ. ಡಿಗ್ರಿ ಮುಗಿಯಿತು, ಮದುವೆಯಾಯಿತು. ಗಂಡ ನಿತೇಶ್ ಇಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಅವರ ಜೊತೆ ಬಂದೆ. ಹತ್ತು ವರ್ಷದಿಂದ ಒಂದು ಕಾರ್ಯಕ್ರಮ ಸಂಘಟನೆಯ ಕಂಪನಿಯಲ್ಲಿ ಇದ್ದೇನೆ. ಏನು ಕೆಲಸ ಎಂದು ಕೇಳಿದರೆ ನಿನಗೆ ನಗು ಬರಬಹುದು. ಜಾಹೀರಾತು ಮತ್ತು ನಿರೂಪಣೆಯ ಬರವಣಿಗೆ. ಅಂದು ಬರೆದದ್ದನ್ನೇ ಇಲ್ಲಿ ಸಂಬಳಕ್ಕೆ ಬರೆಯುತ್ತೇನೆ.

ಈ ಸಲ ಚಳಿಗಾಲಕ್ಕೆ ನಮ್ಮ ಕಂಪನಿ ಒಂದು ಆಫ್ರಿಕಾದ ಸರ್ಕಸ್ ತರಿಸಿತು. ಪ್ರಾಣಿಗಳಿಲ್ಲದ ಸರ್ಕಸ್. ತಾಂಜಾನಿಯಾ, ಇಥಿಯೋಪಿಯಾ, ಕೀನ್ಯಾ, ದಕ್ಷಿಣ ಆಫ್ರಿಕಾದ ಕಲಾವಿದರು ಊರೂರು ಸುತ್ತುತ್ತಾ ಆಡುವ ಆಟ. ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಾರೆ. ಕಣ್ಣಿಗೆ ಸಿಗದ ವೇಗದಲ್ಲಿ ಟೋಪಿಗಳನ್ನು ತಲೆಯಿಂದ ತಲೆಗೆ ದಾಟಿಸುತ್ತಾರೆ. ಗಣಿ ಕೆಲಸದವರು ಕಟ್ಟಿದ ಒಂದು ಕುಣಿತವಿದೆ, ರಬ್ಬರ್ ಬೂಟನ್ನು ಕೈಯಿಂದ ಬಡಿದು ಬಡಿದೇ ತಾಳ ಹಾಕುವುದು. ಅದನ್ನು ನೋಡುವಾಗ ಕಾಲು ಸುಮ್ಮನಿರುವುದಿಲ್ಲ. ಸಮುದ್ರದ ಕಡೆಯ ಖಾಲಿ ಜಾಗದಲ್ಲಿ ದೊಡ್ಡ ಡೇರೆ ಎದ್ದಿತು.

ಉದ್ಘಾಟನೆಗೆ ನಾಲ್ಕು ದಿನ ಇರುವಾಗ ಸಮಸ್ಯೆ ಬಂತು. ಏಳು ಜನರ ವೀಸಾ ಬರಲಿಲ್ಲ. ನಮ್ಮ ಮ್ಯಾನೇಜರ್ ಶಬೀರ್ ಉಳ್ಳಾಲದವರು, ಕೆಟ್ಟ ಮನುಷ್ಯ ಅಲ್ಲ. ನಾನು ಬಸುರಿಯಾಗಿದ್ದಾಗ ಆಫೀಸಿಗೆ ಹೋಗಿಬರಲು ತಮ್ಮ ಕಾರನ್ನೇ ಕಳಿಸುತ್ತಿದ್ದವರು. ಅಂದು ಎರಡು ಫೋನುಗಳ ನಡುವೆ ನನ್ನನ್ನು ಕರೆದರು. "ನೋಡಿ ಶರಣ್ಯಾ, ಪೋಸ್ಟರಲ್ಲಿ ಇಪ್ಪತ್ತೆರಡು ಜನ ಅಂತ ಉಂಟು. ಬಂದದ್ದು ಹದಿನೈದು. ಸ್ಪಾನ್ಸರಿಗೆ ನಾನು ಎಂತ ಹೇಳುವುದು? ನಮ್ಮ ರಾಯ್ ಏರಿಯಾದ ಗೋಡೌನಲ್ಲಿ ರಾನ್ಸನ್ ಇದ್ದಾನಲ್ಲ, ಸ್ಟೇಜ್ ಕಟ್ಟುವವ. ಅವನಿಗೆ ಡ್ರೆಸ್ ಹಾಕಿಸಿ ಒಂದು ಡ್ರಮ್ ಕೊಟ್ಟು ನಿಲ್ಲಿಸಿ. ನೋಡಿದರೆ ಯಾರಿಗೆ ಗೊತ್ತಾಗುತ್ತದೆ? ನೀವೇ ಹೋಗಿ ಹೇಳಿ, ಕನ್ನಡದವ ಅಲ್ವಾ. ಯಲ್ಲಾ, ಬೇಗ."

ಅವರು ಪಾರ್ಟಿ ಸಾಮಾನಿನ ಅಂಗಡಿಯಿಂದ ತರಿಸಿಟ್ಟಿದ್ದ ಪ್ಲಾಸ್ಟಿಕ್ ಹುಲ್ಲಿನ ಲಂಗವನ್ನು ಚೀಲಕ್ಕೆ ಹಾಕಿಕೊಂಡೆ. ಟ್ಯಾಕ್ಸಿ ಹತ್ತಿದೆ. ದಾರಿಯಿಡೀ ಆ ಚೀಲ ಮಡಿಲಲ್ಲಿ ಚರಪರ ಸದ್ದು ಮಾಡುತ್ತಿತ್ತು. ತೆಗೆದು ಕಾಲ ಬಳಿ ಇಟ್ಟೆ, ಮತ್ತೆ ಮಡಿಲಿಗೆ ತೆಗೆದುಕೊಂಡೆ. ವಾಪಸ್ ತಿರುಗಿಸಿ ಎಂದು ಚಾಲಕನಿಗೆ ಹೇಳಲು ಎರಡು ಸಲ ಬಾಯಿ ತೆರೆದೆ. ಹೇಳಲಿಲ್ಲ. ನಿನ್ನ ನೆನಪಾಗಿಯೂ ನಾನು ಹೋದೆ ಎಂಬುದನ್ನು ನೀನು ತಿಳಿದಿರಬೇಕು.

ರಾನ್ಸನ್‌ನನ್ನು ಅದಕ್ಕೆ ಮುಂಚೆ ದೂರದಿಂದ ಕಂಡಿದ್ದೆ ಅಷ್ಟೆ. ಇಪ್ಪತ್ತೊಂಬತ್ತರ ಯುವಕ. ಕಬ್ಬಿಣದ ಕೊಳವೆಗಳ ಮೇಲೆ ಮೂರು ಮಾಳಿಗೆ ಎತ್ತರದಲ್ಲಿ ನೆಲದ ಮೇಲೆ ನಡೆದಂತೆ ನಡೆಯುತ್ತಾನೆ, ಯಾವ ರಾಟೆಗೆ ಎಷ್ಟು ಭಾರ ಎಂದು ನೋಡಿಯೇ ಹೇಳುತ್ತಾನೆ ಎಂದು ಗೋಡೌನಿನವರು ಹೊಗಳುತ್ತಿದ್ದರು. ನಾನು ಹೋದಾಗ ಹಗ್ಗದ ಗಂಟು ಬಿಚ್ಚುತ್ತಾ ಕೂತಿದ್ದ. ಶಬೀರ್ ಹೇಳಿದ್ದನ್ನೆಲ್ಲ ಹೇಳಿದೆ. ಚೀಲ ಮುಂದಿಟ್ಟೆ. ಅವನು ತೆರೆದು ನೋಡಿ, ಅಷ್ಟೇ ಜೋಪಾನವಾಗಿ ಮಡಚಿ ಒಳಗಿಟ್ಟ. ಆಮೇಲೆ ಕೇಳಿದ.

"ನೀವು ಕೇಳಾಕ ಬಂದೀರೇನ್ರಿ ಅಕ್ಕಾ, ಹೇಳಾಕ ಬಂದೀರೇನ್ರಿ?"

ಎಂತಹ ಪ್ರಶ್ನೆ ಶರ್ಲಿನ್! ಹದಿನಾರು ವರ್ಷ ಯಾರೂ ನನ್ನನ್ನು ಹಾಗೆ ನಿಲ್ಲಿಸಿ ಕೇಳಿರಲಿಲ್ಲ. ಹೇಳಲು ಬಂದೆ, ಅದು ತಪ್ಪು ಅಂದೆ. ನೀನು ಬೇಡ ಅಂದರೆ ಬೇಡ ಎಂದು ನಾನೇ ಅವರಿಗೆ ತಿಳಿಸುತ್ತೇನೆ ಅಂದೆ. "ನಂಗ ಡೋಲ್ ಬಾರ್ಸಾಕ ಬರೂದಿಲ್ರಿ. ನಮ್ಮ ಮನ್ಯಾಗ ಯಾರಿಗೂ ಬರೂದಿಲ್ಲ. ಸಿದ್ದಿ ಅಂದಕೂಡ್ಲೆ ಎಲ್ಲಾರೂ ಡೋಲ್ ಕೊಡ್ತಾರ" ಅಂದ. ಸಿಟ್ಟಿನಿಂದ ಅಲ್ಲ, ಬೇಸತ್ತವನ ಹಾಗೆ. ಯಾವ ಊರು ಎಂದು ಕೇಳಿದೆ. ಹಳಿಯಾಳ ಕಡೆ ಅಂದ. ನನಗೆ ತಡೆಯಲಾಗಲಿಲ್ಲ. ಹಳಿಯಾಳದ ಶರ್ಲಿನ್ ಎಂದು ಒಬ್ಬಳು ನನ್ನ ಜೊತೆ ಓದಿದ್ದಳು, ಓಟಗಾರ್ತಿ ಅಂದೆ.

ಅವನ ಮುಖವೇ ಬದಲಾಯಿತು. "ಓಡೋ ಶರ್ಲಿನ್ ಅಕ್ಕಾನ್ರಿ? ನಮ್ಮ ಓಣಿಯವರ ಅವ್ರು! ನನ್ನ ಓಡಾಕ ಹಚ್ಚಿದವ್ರೂ ಅವ್ರ" ಅಂದ. ಈಗ ನೀನು ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತೀಯಂತೆ. ಇಬ್ಬರು ರಾಜ್ಯಮಟ್ಟಕ್ಕೆ ಹೋಗಿದ್ದಾರಂತೆ. ಕೇಳುತ್ತಾ ಎಷ್ಟು ಸಂತೋಷವಾಯಿತು! ಆಗಲೇ ಅವನು ಮುಂದಿನದನ್ನು ಹೇಳಿದ. ಕಾಲೇಜು ಯಾಕೆ ಬಿಟ್ಟಿರಿ ಎಂದು ಮಕ್ಕಳು ಕೇಳಿದರೆ ನೀನು ಎಲ್ಲವನ್ನೂ ಹೇಳುತ್ತಿದ್ದೆಯಂತೆ. ಕೊನೆಗೆ, "ಎಲ್ಲಾರೂ ಹಂಗ ಇರಲಿಲ್ಲ, ಮಂಗಳೂರಾಗ ಒಬ್ಬಾಕಿ ಗೆಳತಿ ಇದ್ಲು, ಬಾಳ ಚಲೋ ಹುಡುಗಿ, ಬಸ್ಸಿನ ತನಕ ಟ್ರಂಕ್ ಹೊತ್ಕೊಂಡು ಬಂದಿದ್ಲು" ಅನ್ನುತ್ತಿದ್ದೆಯಂತೆ.

"ಅವ್ರು ನೀವೇನ್ರಿ?" ಎಂದು ಕೇಳಿದ. ಕಣ್ಣಲ್ಲಿ ಎಷ್ಟು ಗೌರವ! ನಾನು ಹೌದು ಅಂದೆ. ಅಷ್ಟೇ ಅಂದೆ.

ಅವನು ತಾನಾಗಿಯೇ ಎದ್ದ. ಡೇರೆಗೆ ಬರುತ್ತೇನೆ, ಸರ್ಕಸ್ಸಿನವರು ಎತ್ತರದಲ್ಲಿ ಹಗ್ಗ ಹೇಗೆ ಕಟ್ಟುತ್ತಾರೆ ನೋಡಬೇಕು, ಲಂಗ ಮಾತ್ರ ಮುಟ್ಟುವುದಿಲ್ಲ ಅಂದ. ಶರ್ಲಿನ್ ಅಕ್ಕನ ಗೆಳತಿ ಎಂಬ ಒಂದೇ ಕಾರಣಕ್ಕೆ ನನ್ನ ಜೊತೆ ಬಂದ. ಟ್ಯಾಕ್ಸಿಯಲ್ಲಿ ನಿನ್ನ ಸುದ್ದಿಯನ್ನೇ ಹೇಳುತ್ತಿದ್ದ. ನಾನು ಕಿಟಕಿಯ ಗಾಜು ಇಳಿಸುವುದು, ಏರಿಸುವುದು ಮಾಡುತ್ತಿದ್ದೆ.

ಡೇರೆಯಲ್ಲಿ ತಂಡದ ಯಜಮಾನಿ ರೆಹೆಮಾ ಇದ್ದಳು. ತಾಂಜಾನಿಯಾದ ಟಾಂಗಾ ಎಂಬ ಕಡಲೂರಿನವಳು, ನಮ್ಮದೇ ವಯಸ್ಸು. ಮೇಲಿನಿಂದ ಇಳಿಬಿಟ್ಟ ಉದ್ದ ಬಟ್ಟೆಗೆ ಮೈ ಸುತ್ತಿಕೊಂಡು ಗಾಳಿಯಲ್ಲಿ ಆಡುವವಳು ಅವಳೇ. ಶಬೀರ್ ಹೇಳಿಕಳಿಸಿದ್ದನ್ನು ತಿಳಿಸಿ ಲಂಗ ತೋರಿಸಿದೆ. ಎರಡು ಬೆರಳಲ್ಲಿ ಹಿಡಿದು ನೋಡಿದಳು. "ನನ್ನ ಅಮ್ಮ ಟಾಂಗಾದಲ್ಲಿ ಬ್ಯಾಂಕಿಗೆ ಹೋಗುತ್ತಾಳೆ. ಇದನ್ನು ಉಟ್ಟು ಹೋಗುವುದಿಲ್ಲ" ಅಂದಳು ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಬೂಟು ಬಡಿಯುತ್ತಿದ್ದ ಇಬ್ಬರು ಹೊಟ್ಟೆ ಹಿಡಿದು ನಕ್ಕರು. ರಾನ್ಸನ್ ಕೂಡ ನಕ್ಕ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆಮೇಲೆ ರೆಹೆಮಾ ಹೇಳಿದಳು, ನನಗೆ ಡೋಲಿನವರು ಬೇಕಾಗಿಲ್ಲ, ಇದ್ದಾರೆ, ನನಗೆ ಬೇಕಾದದ್ದು ಹಗ್ಗದವನು ಎಂದು. ಅವಳ ಬಟ್ಟೆಗೆ ಕಟ್ಟಿದ ಹಗ್ಗ ಡೇರೆಯ ನೆತ್ತಿಯ ರಾಟೆಯಲ್ಲಿ ಹಾದು ಪರದೆಯ ಹಿಂದೆ ಇಳಿಯುತ್ತದೆ. ಅಲ್ಲಿ ಮೂವರು ಹಿಡಿದು ಅವಳನ್ನು ಏರಿಸಬೇಕು, ಇಳಿಸಬೇಕು. ಆ ಮೂವರಲ್ಲಿ ಮುಖ್ಯನಾದವನಿಗೆ ವೀಸಾ ಸಿಕ್ಕಿರಲಿಲ್ಲ. ಅವನಿಲ್ಲದೆ ತಾನು ಮೇಲೆ ಹೋಗುವುದಿಲ್ಲ ಎಂದು ಕೂತಿದ್ದಳು. ರಾನ್ಸನ್ ಅಷ್ಟರಲ್ಲಿ ರಾಟೆಯನ್ನೇ ನೋಡುತ್ತಾ ನಿಂತಿದ್ದ. ಹಗ್ಗ ಕೈಗೆ ತೆಗೆದುಕೊಂಡ, ಎಳೆದು ನೋಡಿದ, ಕಂಬಕ್ಕೆ ಇನ್ನೊಂದು ಸುತ್ತು ಹಾಕಿ ರೆಹೆಮಾಳತ್ತ ತಿರುಗಿದ. ಅವಳು ಅವನ ಅಂಗೈ ತೆರೆಸಿ ಗಂಟು ಬಿದ್ದ ಚರ್ಮವನ್ನು ಬೆರಳಿಂದ ಒತ್ತಿ ನೋಡಿ, "ಎಲ್ಲಿಯವನು?" ಅಂದಳು. "ಹಳಿಯಾಳ" ಅಂದ. ಅದು ಯಾವ ದೇಶದಲ್ಲಿದೆ ಎಂದಳು. ಇಂಡಿಯಾ ಅಂದಾಗ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ನಿಮ್ಮವರು ಯಾವಾಗ ಹೋದದ್ದು, ಯಾರು ಒಯ್ದದ್ದು ಎಂದು ಕೇಳಿದಳು. "ನಾನೂರು ವರ್ಷ ಅಂತಾರ, ಹಡಗಿನ್ಯಾಗ ತಂದ್ರಂತ. ಯಾವ ಊರಿಂದ ಅಂತ ಯಾರಿಗೂ ಗೊತ್ತಿಲ್ಲ" ಅಂದ. ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ತಮ್ಮ ಸ್ವಾಹಿಲಿಯ ಹತ್ತು ಪದ ಹೇಳಿ ಒಂದಾದರೂ ಗೊತ್ತಾ ಎಂದು ಕೇಳಿದಳು. ಒಂದೂ ಗೊತ್ತಿರಲಿಲ್ಲ. ಅವನಿಗೆ ಅದರಿಂದ ನೋವಾಯಿತೋ ಏನೋ, ತಲೆ ತಗ್ಗಿಸಿದ. "ಪರವಾಗಿಲ್ಲ, ನಿನ್ನ ಭಾಷೆಯಲ್ಲೇ ಹೇಳು, ನಾನು ಕಲಿಯುತ್ತೇನೆ" ಅಂದಳು.

ಹಾಗೆ ಅವಳು ಮೂರು ಕನ್ನಡ ಪದ ಕಲಿತಳು. ಏರು. ಇಳಿ. ನಿಧಾನ. ಮೂರು ದಿನ ಡೇರೆಯಲ್ಲಿ ಅದೇ ಸದ್ದು. ನನಗೆ ಅಲ್ಲಿ ಕೆಲಸ ಇಲ್ಲದಿದ್ದರೂ ಹೋಗಿ ಹೋಗಿ ನಿಲ್ಲುತ್ತಿದ್ದೆ.

ಗುರುವಾರ ಸಂಜೆ ಉದ್ಘಾಟನೆ. ನಿರೂಪಣೆ ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ, ಬರೆದವಳು ನಾನು. ಮಧ್ಯಾಹ್ನ ಶಬೀರ್ ಅದನ್ನು ತಿದ್ದಿ ಕಳಿಸಿದರು. ಮೊದಲ ಪುಟದ ಮೇಲೆ ಅವರ ಕೈಬರಹದಲ್ಲಿ ಹೊಸದಾಗಿ ಒಂದು ಸಾಲು ಇತ್ತು. ಆಫ್ರಿಕಾದ ದಟ್ಟ ಕಾಡಿನಿಂದ ನೇರ ಕುವೈತಿಗೆ ಎಂದು. ಅವರಿಗೆ ನನ್ನ ಕತೆ ಗೊತ್ತಿಲ್ಲ. ಇಂತಹ ಸಾಲು ಯಾರ ಕೈಗೂ ಸುಲಭವಾಗಿ ಬರುತ್ತದೆ, ನನ್ನ ಕೈಗೆ ಬಂದ ಹಾಗೆ. ಹಾಳೆ ಹಿಡಿದುಕೊಂಡು ಡೇರೆಯ ಸುತ್ತ ಎಷ್ಟು ಸುತ್ತು ಹಾಕಿದೆನೋ ಗೊತ್ತಿಲ್ಲ. ಗಾಳಿ ಎದ್ದಿತ್ತು, ಹಲ್ಲಿನಲ್ಲಿ ಮರಳು ಕರಕರ ಅನ್ನುತ್ತಿತ್ತು. ಕೊನೆಗೆ ಆ ಸಾಲು ಹೊಡೆದುಹಾಕಿದೆ. ಅದರ ಜಾಗದಲ್ಲಿ ಪ್ರತಿಯೊಬ್ಬರ ಹೆಸರು, ಊರು ಬರೆದೆ. ಹದಿನೈದು ಕಲಾವಿದರು, ಕೊನೆಯಲ್ಲಿ ಹದಿನಾರನೆಯವನಾಗಿ ಹಗ್ಗ ಹಿಡಿದವನು. ನಿರೂಪಕನ ಕೈಗೆ ನಾನೇ ಕೊಟ್ಟೆ. ಕೊಡುವಾಗಲೂ ಕೆಲಸ ಹೋದರೆ ಪಾವನಾಳ ಶಾಲೆ ಏನು, ಈ ಮನೆ ಏನು ಎಂಬ ಹೆದರಿಕೆ. ಧೈರ್ಯ ಎಂದು ನೀನು ತಪ್ಪಾಗಿ ತಿಳಿಯಬೇಡ.

ಆಟ ಚೆನ್ನಾಗಿ ನಡೆಯಿತು. ಅರ್ಧ ಡೇರೆ ನಮ್ಮ ದೇಶದವರೇ. ರೆಹೆಮಾ ಬಟ್ಟೆ ಸುತ್ತಿಕೊಂಡು ಮೇಲೆ ಹೋದಳು. ಸುಮಾರು ಮೂವತ್ತು ಅಡಿ ಎತ್ತರದಲ್ಲಿ, ತಲೆ ಕೆಳಗಾಗಿ, ಒಂದು ಕಾಲಿನ ಸುತ್ತಿನ ಮೇಲೆ ತೂಗುತ್ತಿದ್ದಾಗ ಕರೆಂಟ್ ಹೋಯಿತು. ಗಾಳಿಗೆ ಜನರೇಟರಿನ ಕಡೆ ಏನೋ ಕಿತ್ತುಬಂದಿತ್ತು. ದೀಪ ಆರಿತು, ಸಂಗೀತ ನಿಂತಿತು. ಡೇರೆ ಪೂರ್ತಿ ಕಪ್ಪು. ಮಕ್ಕಳು ಕಿರುಚಿದರು. ನಾನು ಪರದೆಯ ಹಿಂದೆ ರಾನ್ಸನ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಹಗ್ಗ ಹಿಡಿದಿದ್ದ ಉಳಿದಿಬ್ಬರು ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ಆಗ ಅವನ ದನಿ ಕೇಳಿಸಿತು. ಗಾಬರಿಯಿಲ್ಲದ, ಗಟ್ಟಿ ದನಿ.

"ನಿಧಾನ... ರೆಹೆಮಾ ಅಕ್ಕಾ, ನಿಧಾನ... ಇಳಿ."

ಮೇಲಿನಿಂದ ಕತ್ತಲಲ್ಲಿ ಅವಳ ದನಿ ಬಂತು. "ನಿಧಾನ." ಒಂದು ಗೇಣು ಹಗ್ಗ ಬಿಟ್ಟ. "ಇಳಿ" ಅಂದ. "ಇಳಿ" ಅಂದಳು. ಇನ್ನೊಂದು ಗೇಣು. ಡೇರೆಯ ತುಂಬ ಜನ ಉಸಿರು ಬಿಗಿಹಿಡಿದು ಎರಡು ಕನ್ನಡ ಪದಗಳನ್ನು ಕೇಳುತ್ತಿದ್ದರು. ಹೆಚ್ಚಿನವರಿಗೆ ಅದು ಯಾವ ಭಾಷೆ ಎಂದೂ ಗೊತ್ತಿರಲಿಲ್ಲ. ಅವಳ ಕೈ ನೆಲ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಅವನು ಹಗ್ಗದ ಹಿಡಿತ ಸಡಿಲಿಸಿದ್ದು. ಮೊಬೈಲುಗಳ ಬೆಳಕು ಒಂದೊಂದಾಗಿ ಹತ್ತಿಕೊಂಡಾಗ ಅವನ ಅಂಗೈಯಲ್ಲಿ ರಕ್ತ ಕಾಣಿಸಿತು.

ಕರೆಂಟ್ ಬಂತು, ಆಟ ಮುಂದುವರಿಯಿತು. ಕೊನೆಯಲ್ಲಿ ನಿರೂಪಕ ಹೆಸರುಗಳನ್ನು ಓದಿದ. ಕೊನೆಯದಕ್ಕೆ ಬಂದು, "ಹಗ್ಗ ಹಿಡಿದವರು ರಾನ್ಸನ್ ಸಿದ್ದಿ, ಊರು ಹಳಿಯಾಳ, ಕರ್ನಾಟಕ, ಇಂಡಿಯಾ" ಎಂದ. ರೆಹೆಮಾ ಪರದೆಯ ಹಿಂದಿನಿಂದ ಅವನನ್ನು ಎಳೆದು ತಂದಳು. ಕೆಲಸದ ಬಟ್ಟೆ, ತಲೆಗೆ ಹೆಲ್ಮೆಟ್, ಕೈಗೆ ಕಟ್ಟಿದ ಬಟ್ಟೆ. ಕನ್ನಡದವರು ಕೂತಿದ್ದ ಕಡೆ ಮೊದಲು ಗುಸುಗುಸು ಆಯಿತು. ಆಮೇಲೆ ಯಾರೋ ಎದ್ದುನಿಂತು ಚಪ್ಪಾಳೆ ತಟ್ಟಿದರು, ಒಬ್ಬರ ಹಿಂದೆ ಒಬ್ಬರು ಎದ್ದರು. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಕಾರುಗಳ ನಡುವೆ ನಿಂತುಕೊಂಡೆ.

ಶಬೀರ್ ಕೂಗಾಡಲಿಲ್ಲ. "ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಶರಣ್ಯಾ" ಅಂದರು. ಮರುದಿನದಿಂದ ನನ್ನನ್ನು ಸರ್ಕಸ್ಸಿನಿಂದ ತೆಗೆದು ರಾಯ್‌ನ ಒಂದು ಸೋಫಾ ಪ್ರದರ್ಶನಕ್ಕೆ ಹಾಕಿದರು. ಈಗ ಸೋಫಾಗಳ ಬಗ್ಗೆ ಬರೆಯುತ್ತೇನೆ. ಅದು ನನಗೆ ಶಿಕ್ಷೆ ಅನ್ನಿಸುತ್ತಿಲ್ಲ. ಅವರು ಹೇಳಿದ್ದೂ ಸರಿಯೇ, ನಾನು ಎದುರು ನಿಂತು ಹೇಳಲಿಲ್ಲ, ಈ ಸಲವೂ ಹಿಂದಿನಿಂದಲೇ ಮಾಡಿದೆ.

ಶನಿವಾರ ಮಧ್ಯಾಹ್ನ ರಾನ್ಸನ್ ಊಟಕ್ಕೆ ಕೂತಿದ್ದಾಗ ಹೋದೆ. ಖುಬೂಸ್ ರೊಟ್ಟಿ ಹರಿದು ಅರ್ಧ ನನ್ನತ್ತ ಚಾಚಿದ. "ತಿನ್ರಿ ಅಕ್ಕಾ. ರಜೆಗೆ ಹೋದಾಗ ಶರ್ಲಿನ್ ಅಕ್ಕಾಗ ನಿಮ್ಮ ಸುದ್ದಿ ಹೇಳ್ತೇನಿ, ಬಾಳ ಖುಷಿ ಪಡ್ತಾರ" ಅಂದ. ಅಲ್ಲೇ ಕೂತು ನಿನಗೆ ಇಲ್ಲಿ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ. ಹೆಸರನ್ನು ಮುದ್ರಣಕ್ಕೆ ಕೊಟ್ಟದ್ದು, ಸಾಲು ಬರೆದದ್ದು, ಬಾಗಿಲ ಹಿಂದೆ ಗೊತ್ತಿಲ್ಲ ಅಂದದ್ದು. ಅವನು ಖುಬೂಸನ್ನು ತಟ್ಟೆಯಲ್ಲಿಟ್ಟು ಕೈ ತೊಳೆದು ಎದ್ದುಹೋದ. ಎರಡು ದಿನ ಮಾತಾಡಲಿಲ್ಲ. ಫೋನ್ ಎತ್ತಲಿಲ್ಲ. ನಾನು ಕರೆಯುವುದನ್ನೂ ಬಿಡಲಿಲ್ಲ, ಅದೂ ತಪ್ಪೇ.

ಮಂಗಳವಾರ ಸಂಜೆ ಅವನೇ ನಮ್ಮ ಕಟ್ಟಡದ ಕೆಳಗೆ ಬಂದು ನಿಂತ. ಮೇಲೆ ಬಾ ಅಂದೆ, ಬರಲಿಲ್ಲ. "ನಾ ಅಕ್ಕಾಗ ಹೇಳಂಗಿಲ್ರಿ. ಅದು ನನ್ನ ಬಾಯಿಂದ ಬರಬಾರ್ದು. ನೀವ ಬರೀರಿ, ನಾ ಒಯ್ದು ಕೈಯಾಗ ಕೊಡ್ತೇನಿ. ಆದ್ರ ಒಂದು. ಕ್ಷಮಿಸು ಅಂತ ಬರೀಬ್ಯಾಡ್ರಿ. ಅವ್ರು ಓದಿ ಮುಗಸೂತನಕ ನಾ ಮುಂದ ನಿಂತಿರ್ತೇನಿ, ಅವ್ರಿಗೆ ಉತ್ತರ ಹೇಳಬೇಕು ಅನ್ಸಬಾರ್ದು" ಅಂದ. ಇಷ್ಟು ಹೇಳಿ ಬಸ್ ನಿಲ್ದಾಣದ ಕಡೆ ನಡೆದ.

ಹಾಗಾಗಿ ನನ್ನ ಮಾತಾಗಿ ಆ ಪದವನ್ನು ಇಲ್ಲಿ ಎಲ್ಲೂ ಬರೆದಿಲ್ಲ. ನೀನು ಏನೂ ಹೇಳಬೇಕಾಗಿಲ್ಲ. ಈ ಪತ್ರ ನನ್ನ ಸಮಾಧಾನಕ್ಕೋ ನಿನ್ನ ಒಳ್ಳೆಯದಕ್ಕೋ ಎಂದು ಮೂರು ದಿನ ನನ್ನನ್ನೇ ಕೇಳಿಕೊಂಡೆ. ನಿನ್ನ ಹತ್ತಿರ ಇದ್ದ ಒಂದೇ ಒಂದು ಒಳ್ಳೆಯ ನೆನಪನ್ನೂ ಕಿತ್ತುಕೊಳ್ಳುತ್ತಿದ್ದೇನಲ್ಲ ಎಂದು ಎರಡು ಸಲ ಹರಿದುಹಾಕಿದೆ. ಆದರೆ ಆ ನೆನಪು ಸುಳ್ಳು. ನನ್ನ ಸುಳ್ಳನ್ನು ನೀನು ಮಕ್ಕಳಿಗೆ ಹೇಳಿಕೊಡುತ್ತಿರುವುದನ್ನು ತಿಳಿದೂ ಸುಮ್ಮನಿದ್ದರೆ, ಅದು ನಾನು ಮಾಡುವ ಎರಡನೇ ತಪ್ಪು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಕಾಲೇಜಿಗೆ ನಾನು ಬರೆದ ಪತ್ರ. ಆ ದಿನದ ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು, ನಿಜ ಹೀಗಿದೆ, ಶರ್ಲಿನ್ ಮೇಲೆ ದಾಖಲಾದದ್ದನ್ನು ತೆಗೆಯಬೇಕು ಎಂದು ಸಹಿ ಹಾಕಿ ಬರೆದಿದ್ದೇನೆ. ಕಳಿಸಿಲ್ಲ. ಈ ಸಲ ನಿನ್ನನ್ನು ಕೇಳದೆ ನಿನ್ನ ಹೆಸರನ್ನು ಎಲ್ಲಿಗೂ ಕಳಿಸುವುದಿಲ್ಲ. ಬೇಕಾದರೆ ನೀನೇ ಅಂಚೆಗೆ ಹಾಕು. ಬೇಡವಾದರೆ ಒಲೆಗೆ ಹಾಕು.

ಕೆಳಗೆ ಬಾಗಿಲ ಗಂಟೆ ಆಯಿತು. ರಾನ್ಸನ್ ಇರಬೇಕು, ಹತ್ತು ನಿಮಿಷ ಮೊದಲೇ ಬಂದಿದ್ದಾನೆ. ಬರೆದದ್ದನ್ನು ಇನ್ನೊಮ್ಮೆ ಓದಬೇಕೆಂದಿದ್ದೆ. ಓದಿದರೆ ಯಾವುದಾದರೂ ಸಾಲನ್ನು ನನಗೆ ಅನುಕೂಲವಾಗುವಂತೆ ತಿದ್ದುತ್ತೇನೆ. ಓದುವುದಿಲ್ಲ. ಹೀಗೆಯೇ ಕೊಡುತ್ತೇನೆ.

ನಿನ್ನ ಕಾಲುಗಳಿಗೆ ಬಲವಿರಲಿ, ನಿನ್ನ ಮನೆಯಲ್ಲಿ ನಗು ಇರಲಿ. ಹೋಗಿಬರುತ್ತೇನೆ ಅನ್ನುವ ಮಾತು ನನಗೆ ಸಲ್ಲುವುದಿಲ್ಲ. ಚೆನ್ನಾಗಿರು.

ಶರಣ್ಯಾ